ಆಸರೆಯೋ, ಕಾವಲೋ? ಶುಗರ್ ಮನೆಗಳ ಹಳೆಯ ಪ್ರಶ್ನೆ

ದಾವಣಗೆರೆಯ ಮದುವೆ ಊಟ. ಹೋಳಿಗೆ ಬುಟ್ಟಿ ಸಾಲಿಗೆ ಬರುತ್ತಿದ್ದಂತೆ ಸೊಸೆ ಆಚೆಯಿಂದಲೇ ಕೂಗುತ್ತಾಳೆ: "ನಮ್ಮ ಮಾವಾರಿಗೆ ಹಾಕಬ್ಯಾಡ್ರಿ, ಶುಗರ್ ಐತಿ!" ಕಾಳಜಿ ನಿಜವೇ. ಆದರೆ ಎಲ್ಲರೆದುರು ತಲೆ ತಗ್ಗಿಸಿದ ಮಾವ ಸಂಜೆ ಒಬ್ಬರೇ ಹೋಗಿ ಮಂಡಕ್ಕಿ-ಮಿರ್ಚಿ ತಿಂದು ಬರುತ್ತಾರೆ, ಮನೆಯಲ್ಲಿ ಹೇಳುವುದಿಲ್ಲ. ಇಂಥ ಎಡವಟ್ಟಾದ ನೆರವಿಗೆ ಮನೋವಿಜ್ಞಾನಿ ಜೇಮ್ಸ್ ಕಾಯ್ನ್ ಮತ್ತು ಸಂಗಡಿಗರು 1988ರಲ್ಲಿ ಒಂದು ಹೆಸರನ್ನೇ ಕೊಟ್ಟರು: "ಮಿಸ್‌ಕ್ಯಾರೀಡ್ ಹೆಲ್ಪಿಂಗ್", ಅಂದರೆ ದಾರಿ ತಪ್ಪಿದ ನೆರವು.

ಅಲ್ಲಿಯವರೆಗೆ ಸಂಶೋಧಕರ ಕಣ್ಣು ಹೆಚ್ಚಾಗಿ ಆಸರೆಯ ಲಾಭದ ಮೇಲಿತ್ತು. 1976ರಲ್ಲಿ ಜಾನ್ ಕ್ಯಾಸೆಲ್, ಸಿಡ್ನಿ ಕಾಬ್ ಬೇರೆ ಬೇರೆಯಾಗಿ ಬರೆದದ್ದು ಹೆಚ್ಚುಕಡಿಮೆ ಒಂದೇ: ತನ್ನವರಿದ್ದಾರೆ ಎಂಬ ಭಾವ ಕಷ್ಟದ ಪೆಟ್ಟನ್ನು ತಗ್ಗಿಸುತ್ತದೆ. 1979ರಲ್ಲಿ ಲಿಸಾ ಬರ್ಕ್‌ಮನ್, ಲಿಯೊನಾರ್ಡ್ ಸೈಮ್ ಕ್ಯಾಲಿಫೋರ್ನಿಯಾದ ಸುಮಾರು 7,000 ಜನರ 9 ವರ್ಷದ ಲೆಕ್ಕ ಮುಂದಿಟ್ಟರು. ನಂಟು ಕಡಿಮೆಯಿದ್ದವರಲ್ಲಿ ಸಾವು ಹೆಚ್ಚು. ಆದರೆ ಅಲ್ಲಿ ಎಣಿಸಿದ್ದು ಸಂಗಾತಿ, ನೆಂಟರು, ಗೆಳೆಯರು, ಸಂಘಗಳನ್ನು. ಹಾಗೆ ಎಣಿಸಿದರೆ ನಮ್ಮ ಕೂಡುಕುಟುಂಬಗಳಿಗೆ ಪೂರ್ತಿ ಅಂಕ! ಹತ್ತು ಜನರ ನಡುವೆ ಒಂಟಿಯಾದವರು ಆ ಜರಡಿಯಲ್ಲಿ ಸೋರಿಹೋಗುತ್ತಾರೆ.

1981ರಲ್ಲಿ ಜೇಮ್ಸ್ ಹೌಸ್ ಆಸರೆಯನ್ನು ನಾಲ್ಕಾಗಿ ಬಿಡಿಸಿದರು: ಮನಸ್ಸಿಗೆ ಒತ್ತಾಸೆ, ಕೈಕೆಲಸದ ನೆರವು, ಮಾಹಿತಿ, "ಸರಿಯಾಗಿ ಮಾಡ್ತಿದ್ದೀಯ" ಎಂಬ ಮಾತು. ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಮೊಮ್ಮಗ ಪ್ರೀತಿಯಿಂದಲೇ ಅಜ್ಜಿಗೆ ಇನ್ಸುಲಿನ್ ಚುಚ್ಚುತ್ತಾನೆ ಅನ್ನಿ. ಬಾಟಲಿ ಮಿಲಿಲೀಟರಿಗೆ 40 ಯೂನಿಟ್‌ನದು, ಸಿರಿಂಜ್ 100ರದ್ದು ಆದರೆ 20ರ ಗೆರೆವರೆಗೆ ಎಳೆದರೂ ಒಳಹೋಗುವುದು 8 ಯೂನಿಟ್ ಮಾತ್ರ. ಶುಗರ್ ಇಳಿಯದು. ಬೈಗುಳ ಅಜ್ಜಿಯ ಊಟಕ್ಕೆ! ಬಾಟಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಒಂದೇ ಇರಬೇಕು ಎಂದು ಯಾರೋ ಒಮ್ಮೆ ತೋರಿಸಿಕೊಡಬೇಕಿತ್ತು, ಅಷ್ಟೆ.

1988ರಲ್ಲೇ ಯಾರಿಂದ ಎಷ್ಟು ಆಸರೆ ಎಂದು ಅಳೆಯಲು ಗ್ರೆಗರಿ ಜಿಮೆಟ್ ತಂಡದ 12 ಪ್ರಶ್ನೆಗಳ ಅಳತೆಪಟ್ಟಿ ಬಂತು: ಮನೆಯವರು, ಗೆಳೆಯರು, "ವಿಶೇಷ ವ್ಯಕ್ತಿ". ಚಳ್ಳಕೆರೆ ಕಡೆಯ ಅಜ್ಜಿಗೆ ಈ ಕೊನೆಯದನ್ನು ಓದಿ ಹೇಳಿದರೆ "ಯಾರಪ್ಪಾ ಅದು?" ಎಂದಾರು. "ರಾತ್ರಿ ಎದೆ ಡವಡವ ಅಂದ್ರೆ ಯಾರನ್ನ ಎಬ್ಬಿಸ್ತೀರಿ?" ಎಂದು ಕೇಳುವುದು ಮೇಲು.

ಆಸರೆ ಹೆಚ್ಚಿಸಿದರೆ ಆಯುಸ್ಸೂ ಹೆಚ್ಚುತ್ತದೆಯೇ? ಹೃದಯಾಘಾತವಾದ 2,481 ಜನರ ಮೇಲೆ ಅಮೆರಿಕದಲ್ಲಿ ನಡೆದ ಮಾತಿನ ಚಿಕಿತ್ಸೆಯ ಪ್ರಯೋಗದ ಫಲಿತಾಂಶ 2003ರಲ್ಲಿ ಬಂತು. ಖಿನ್ನತೆ ತುಸು ಇಳಿಯಿತು, ಒಂಟಿತನವೂ. ಸಾವು, ಮರುಆಘಾತ ಇಳಿಯಲಿಲ್ಲ. ಹಾಗಾಗಿ ಮನಸ್ಸಿಗೆ ಹಿತ ಎಂದು ಹೇಳಬಹುದು, ಆಯುಸ್ಸಿನ ಭರವಸೆ ಕೊಡಬಾರದು.

ಚಿತ್ರದುರ್ಗದ ಪಕ್ಕದ ಬಳ್ಳಾರಿಯಲ್ಲಿ ನಿಮ್ಹಾನ್ಸ್ 1985ರಲ್ಲಿ ಶುರುಮಾಡಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಈಗ ಖಿನ್ನತೆ ಪತ್ತೆಗೆ ಹೆಚ್ಚು ಬಳಕೆಯಲ್ಲಿರುವುದು ಪಿಎಚ್‌ಕ್ಯೂ-9: ಕಳೆದ 2 ವಾರದ ಬಗ್ಗೆ 9 ಪ್ರಶ್ನೆ, ಒಟ್ಟು 27 ಅಂಕ, 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ತಪಾಸಣೆ. ಶುಗರ್ ಇದ್ದವರಲ್ಲಿ ಸುಸ್ತು, ನಿದ್ದೆಗೇಡು ಕಾಯಿಲೆಯಿಂದಲೂ ಬರುವುದರಿಂದ ಬರೀ ಮೊತ್ತ ನಂಬುವಂತಿಲ್ಲ. ಒಂಬತ್ತನೆಯದು ಸಾವಿನ ಯೋಚನೆಯ ಪ್ರಶ್ನೆ. ಅದಕ್ಕೆ ಸೊನ್ನೆ ಬಿಟ್ಟು ಬೇರೇನು ಬಂದರೂ ಮೊತ್ತ ಕೂಡುತ್ತ ಕೂರದೆ ಅಂದೇ ವೈದ್ಯರಿಗೆ ತೋರಿಸಬೇಕು. ಅಪರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಕರೆ ಮಾಡಿ, ಜೊತೆಗೊಬ್ಬರು ಇರಬೇಕು.