ಅಪ್ಪನ ಉಯಿಲು ಬರೆಸಲು ವಕೀಲರು ಬೇಕೇ ಬೇಕಾ?

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. ತಾಯಿ ತೀರಿಹೋಗಿದ್ದಾರೆ. ಮಕ್ಕಳು ನಾವು ಮೂವರು: ನಾನು, ಇಬ್ಬರು ಅಕ್ಕಂದಿರು. ದಾವಣಗೆರೆಯ ವಿದ್ಯಾನಗರದಲ್ಲಿ ಅಪ್ಪ ಕಟ್ಟಿಸಿದ ಮನೆ ಇದೆ. ಹರಿಹರ ತಾಲ್ಲೂಕಿನಲ್ಲಿ ತಾತನ ಕಾಲದ ನಾಲ್ಕು ಎಕರೆ ಗದ್ದೆ ಇದೆ. ಚನ್ನಗಿರಿ ಕಡೆ ಅಪ್ಪ ನಿವೃತ್ತಿ ದುಡ್ಡಲ್ಲಿ ಖರೀದಿ ಮಾಡಿದ ಅಡಿಕೆ ತೋಟವೂ ಇದೆ. ಈಗ ಉಯಿಲು ಬರೆಸೋಣ ಅನ್ನುತ್ತಿದ್ದಾರೆ. ಸಬ್‌ರಿಜಿಸ್ಟ್ರಾರ್ ಆಫೀಸಿನ ಹತ್ತಿರ ಟೈಪ್ ಮಾಡಿಸಿದರೆ ಸಾಕಲ್ವಾ? ವಕೀಲರಿಗೆ ಸುಮ್ನೆ ಯಾಕೆ ದುಡ್ಡು ಕೊಡಬೇಕು? ನಾನೇ ಮುಂದೆ ನಿಂತು ಎಲ್ಲ ಮಾಡಿಸಬಹುದಾ?

ಉತ್ತರ: ವಕೀಲರೇ ಬರೆಯಬೇಕು ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. ಬಿಳಿ ಹಾಳೆಯ ಮೇಲೆ ಅಪ್ಪನೇ ಕೈಯಲ್ಲಿ ಬರೆದರೂ ನಡೆಯುತ್ತದೆ. ಛಾಪಾ ಕಾಗದ ಬೇಡ, ನೋಟರಿ ಮೊಹರು ಬೇಡ, ನೋಂದಣಿಯೂ ಕಡ್ಡಾಯವಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಕೇಳುವುದು ಇಷ್ಟೇ. ಬರೆಸುವವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ನೋಡಿರಬೇಕು, ಇಲ್ಲವೇ ‘ಇದು ನನ್ನದೇ ಸಹಿ’ ಅಂತ ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಆ ಸಾಕ್ಷಿಗಳು ಉಯಿಲು ಬರೆಸಿದವರ ಎದುರಿಗೇ ಸಹಿ ಹಾಕಬೇಕು.

ಇಷ್ಟು ಸುಲಭ ಇದ್ದ ಮೇಲೆ ವಕೀಲರು ಯಾಕೆ ಅಂದರೆ, ಕಾರಣ ನಿಮ್ಮ ಕೊನೆಯ ಪ್ರಶ್ನೆಯಲ್ಲೇ ಇದೆ. ‘ನಾನೇ ಮುಂದೆ ನಿಂತು ಮಾಡಿಸಬಹುದಾ’ ಅಂದಿರಲ್ಲ, ದಯವಿಟ್ಟು ಅದನ್ನು ಮಾಡಬೇಡಿ.

ಉಯಿಲಿನ ವಿಚಿತ್ರ ನೋಡಿ. ಅದನ್ನು ಓದುವ ಹೊತ್ತಿಗೆ ಬರೆಸಿದವರು ಇರುವುದಿಲ್ಲ. ‘ಹೌದು, ನಾನೇ ಹೇಳಿ ಬರೆಸಿದ್ದು’ ಅಂತ ಬಂದು ಹೇಳುವವರೇ ಇಲ್ಲ. ಹಾಗಾಗಿ ಕೋರ್ಟು ಸುತ್ತಲಿನ ಸಂಗತಿಗಳನ್ನು ನೋಡುತ್ತದೆ. ಈ ವಿಷಯದಲ್ಲಿ ಇವತ್ತಿಗೂ ಎಲ್ಲರೂ ಎತ್ತಿ ಹೇಳುವ ತೀರ್ಪು ನಮ್ಮ ರಾಜ್ಯದಿಂದಲೇ ಹೋದದ್ದು. ಮೈಸೂರು ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ ಎಚ್. ವೆಂಕಟಾಚಲ ಅಯ್ಯಂಗಾರ್ ಮತ್ತು ಬಿ.ಎನ್. ತಿಮ್ಮಾಜಮ್ಮ ಪ್ರಕರಣ ಅದು. ಅದರಲ್ಲಿ ಕೋರ್ಟು ಹೇಳಿದ್ದು ಇದು: ಉಯಿಲು ಮಾಡಿಸುವುದರಲ್ಲಿ ಮುಂದಾಗಿ ಓಡಾಡಿದವರೇ ಅದರಿಂದ ದೊಡ್ಡ ಲಾಭ ಪಡೆಯುವಂತಿದ್ದರೆ ಅದೊಂದು ಅನುಮಾನದ ಸಂಗತಿ. ಆ ಅನುಮಾನ ಕಳೆಯುವ ಹೊಣೆ ಉಯಿಲು ಹಿಡಿದು ಬಂದವರದ್ದೇ.

ಅಂದರೆ ನೀವೇ ವಕೀಲರನ್ನು ಹುಡುಕಿ, ನೀವೇ ಆಸ್ತಿ ಪಟ್ಟಿ ಬರೆದುಕೊಟ್ಟು, ನಿಮ್ಮ ಗೆಳೆಯರಿಬ್ಬರನ್ನು ಸಾಕ್ಷಿಗೆ ನಿಲ್ಲಿಸಿ, ಅಪ್ಪನ ಕೈ ಹಿಡಿದು ಸಹಿ ಹಾಕಿಸಿದರೆ, ನಾಳೆ ಅಕ್ಕಂದಿರ ಕಡೆಯ ವಕೀಲರಿಗೆ ಕೆಲಸ ಹಗುರ. ನಿಮ್ಮ ಮನಸ್ಸಿನಲ್ಲಿ ಏನೂ ಇರಲಿಕ್ಕಿಲ್ಲ. ಆದರೆ ಮನಸ್ಸಿನಲ್ಲಿ ಇದ್ದದ್ದು ಫೈಲಿನಲ್ಲಿ ಕಾಣುವುದಿಲ್ಲ. ‘ಯಾರ ಒತ್ತಾಯಕ್ಕೂ ಒಳಗಾಗದೆ, ಸ್ವಸ್ಥ ಚಿತ್ತದಿಂದ, ಸ್ವಇಚ್ಛೆಯಿಂದ ಬರೆಸಿದ ಮರಣಶಾಸನ’ ಅನ್ನುವ ಸಾಲು ಎಲ್ಲ ಉಯಿಲಿನಲ್ಲೂ ಇರುತ್ತದೆ. ಒತ್ತಾಯದಿಂದ ಬರೆಸಿದ್ದರಲ್ಲೂ ಇರುತ್ತದೆ! ಅದೊಂದರಿಂದ ಏನೂ ಸಾಬೀತಾಗುವುದಿಲ್ಲ.

ಒಳ್ಳೆಯ ವಕೀಲರು ಮಾಡುವ ಮೊದಲ ಕೆಲಸ ನಿಮ್ಮನ್ನು ಹೊರಗೆ ಕೂರಿಸುವುದು. ಅಪ್ಪನ ಜೊತೆ ಒಬ್ಬರೇ ಮಾತಾಡುತ್ತಾರೆ. ಯಾರಿಗೆ ಏನು, ಯಾಕೆ ಅಂತ ಅವರ ಬಾಯಿಂದಲೇ ಕೇಳುತ್ತಾರೆ. ಅದನ್ನು ನೋಡಿ ಬೇಜಾರು ಮಾಡಿಕೊಳ್ಳಬೇಡಿ. ಮುಂದೆ ಆ ಉಯಿಲನ್ನು ಎತ್ತಿಹಿಡಿಯುವುದು ಅದೇ.

ಎರಡನೇ ಕಾರಣ ಆ ನಾಲ್ಕು ಎಕರೆ ಗದ್ದೆ. ಟೈಪ್ ಮಾಡುವವರು ನೀವು ಹೇಳಿದ್ದನ್ನು ಟೈಪ್ ಮಾಡಿಕೊಡುತ್ತಾರೆ. ‘ಹರಿಹರದ ಜಮೀನು ಮಗನಿಗೆ’ ಅಂದರೆ ಹಾಗೇ ಬರುತ್ತದೆ. ಆದರೆ ಆ ನಾಲ್ಕೂ ಎಕರೆ ಅಪ್ಪನದೇನಾ? ಪಿತ್ರಾರ್ಜಿತ ಆಗಿದ್ದರೆ ಅಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದ ಮೇಲೆ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಪಾಲು. ಮದುವೆ ಯಾವಾಗ ಆಯಿತು ಅನ್ನುವುದು ಲೆಕ್ಕಕ್ಕಿಲ್ಲ. 2020ರಲ್ಲಿ ವಿನೀತಾ ಶರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಬಿಡಿಸಿ ಹೇಳಿತು. ಹಾಗಾಗಿ ಅಪ್ಪ, ನೀವು, ಇಬ್ಬರು ಅಕ್ಕಂದಿರು ಸೇರಿ ನಾಲ್ಕು ಪಾಲು. ಅಪ್ಪ ಉಯಿಲಿನಲ್ಲಿ ಕೊಡಬಹುದಾದ್ದು ತಮ್ಮ ಒಂದು ಎಕರೆ ಮಾತ್ರ. ಉಳಿದ ಮೂರು ಎಕರೆಯ ಬಗ್ಗೆ ಬರೆದದ್ದಕ್ಕೆ ಬೆಲೆ ಇಲ್ಲ. ‘ಮದುವೆಯಲ್ಲಿ ಬಂಗಾರ ಹಾಕಿ ಕಳಿಸಿದೀವಲ್ಲ’ ಅನ್ನುವ ಮಾತು ಮನೆಯಲ್ಲಿ ನಡೆಯುತ್ತದೆ, ಕೋರ್ಟಿನಲ್ಲಿ ನಡೆಯುವುದಿಲ್ಲ.

ಆದರೆ ತಾತನ ಕಾಲದ್ದು ಅಂದಮಾತ್ರಕ್ಕೆ ಪಿತ್ರಾರ್ಜಿತ ಆಗಿಬಿಡುವುದಿಲ್ಲ. ಅದು ತಾತ ಸ್ವಂತ ದುಡಿದು ಕೊಂಡದ್ದಾಗಿದ್ದು, ಅವರು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಉಯಿಲು ಬರೆಯದೆ ತೀರಿಹೋಗಿದ್ದರೆ, ಅಪ್ಪನಿಗೆ ಬಂದ ಪಾಲು ಅಪ್ಪನ ಸ್ವಂತದ್ದೇ ಆಗುತ್ತದೆ. 1986ರ ಚಂದರ್ ಸೇನ್ ತೀರ್ಪಿನಿಂದ ಈ ಮಾತು ನಿಂತಿದೆ. ಹಾಗಿದ್ದರೆ ಅವರು ಅದನ್ನು ಯಾರಿಗೆ ಬೇಕಾದರೂ ಬರೆಯಬಹುದು. ಒಂದೇ ಗದ್ದೆ, ಒಂದೇ ಪಹಣಿ, ಆದರೆ ಉತ್ತರ ಎರಡು. ಪಹಣಿಯಲ್ಲಿ ಅಪ್ಪನ ಹೆಸರು ಇದೆ ಅನ್ನುವುದರಿಂದ ಇದು ಬಗೆಹರಿಯುವುದಿಲ್ಲ. ಹಳೇ ಮ್ಯುಟೇಷನ್ ಪ್ರತಿ ತೆಗೆಸಬೇಕು, ತಾತನ ಕ್ರಯಪತ್ರವೋ ಪಾಲುಪಟ್ಟಿಯೋ ಇದೆಯಾ ನೋಡಬೇಕು. ಟ್ರಂಕಿನ ತಳದಲ್ಲಿ ಮಡಚಿಟ್ಟ ಆ ಹಳದಿ ಕಾಗದಗಳನ್ನು ಬಿಡಿಸಿ ಓದಿ ಹೇಳುವುದಕ್ಕೆ ವಕೀಲರಿಗೆ ಕೊಡುವ ದುಡ್ಡು ಸಾರ್ಥಕ.

ಒಂದು ವೇಳೆ ಪಿತ್ರಾರ್ಜಿತವೇ ಆಗಿದ್ದರೆ, ಗದ್ದೆಯನ್ನು ಉಯಿಲಿಗೆ ಬಿಡದೆ ಅಪ್ಪ ಇರುವಾಗಲೇ ನಾಲ್ವರೂ ಕೂತು ವಿಭಾಗ ಪತ್ರ ಮಾಡಿ ನೋಂದಣಿ ಮಾಡಿಸುವುದು ಲೇಸು ಅಂತ ನನ್ನ ಅಭಿಪ್ರಾಯ. ಅಕ್ಕಂದಿರು ಮನಸಾರೆ ಬಿಟ್ಟುಕೊಡುವುದಾದರೆ ಹಕ್ಕು ಬಿಡುಗಡೆ ಪತ್ರ ಇದೆ. ಇನ್ನು ಸರ್ಕಾರದಿಂದ ಮಂಜೂರಾದ ಜಮೀನೋ, ಉಳುವವನೇ ಒಡೆಯ ಅಂತ ಬಂದ ಜಮೀನೋ ಇದ್ದರೆ ಅದನ್ನು ಮೊದಲೇ ಬಾಯಿ ಬಿಟ್ಟು ಹೇಳಿ. ಅದಕ್ಕೆ ಬೇರೆ ಷರತ್ತುಗಳಿವೆ.

ಅಡಿಕೆ ತೋಟ ಮತ್ತು ಮನೆಯ ವಿಷಯದಲ್ಲಿ ಇಷ್ಟು ತಲೆನೋವಿಲ್ಲ. ಸ್ವಂತ ಸಂಪಾದನೆಯಾದರೆ ಅಪ್ಪನ ಇಷ್ಟ. ಎಲ್ಲವನ್ನೂ ಒಬ್ಬರಿಗೇ ಕೊಟ್ಟರೂ ಕಾನೂನು ತಡೆಯುವುದಿಲ್ಲ. ಆದರೆ ‘ಗದ್ದೆ ಆದಾಯದಲ್ಲೇ ತೋಟ ಕೊಂಡದ್ದು, ಅದೂ ಕುಟುಂಬದ್ದೇ’ ಅಂತ ಮುಂದೆ ಯಾರಾದರೂ ತಕರಾರು ತೆಗೆಯಬಹುದು. ಅದಕ್ಕೇ ನಿವೃತ್ತಿ ಹಣ ಯಾವ ಖಾತೆಗೆ ಬಂತು, ಕ್ರಯದ ಹಣ ಹೇಗೆ ಹೋಯಿತು ಅನ್ನುವ ಬ್ಯಾಂಕ್ ದಾಖಲೆ ಎತ್ತಿಡಿ. ಉಯಿಲಿನಲ್ಲೂ ಒಂದು ಸಾಲು ಬರಲಿ. ಯಾರಿಗಾದರೂ ಕಡಿಮೆ ಕೊಡುತ್ತಿದ್ದರೆ ಕಾರಣವೂ ಬರಲಿ, ಅದೂ ಅಪ್ಪನ ಮಾತಿನಲ್ಲೇ. ಹೆಸರನ್ನೇ ಎತ್ತದೆ ಬಿಟ್ಟರೆ ‘ಮಗಳನ್ನೇ ಮರೆಯುವಷ್ಟು ನೆನಪಿನ ಶಕ್ತಿ ಹೋಗಿತ್ತು’ ಅಂತ ವಾದ ಹುಟ್ಟುತ್ತದೆ.

ಆಸ್ತಿ ವಿವರ ಬರೆಯುವಾಗ ಸರ್ವೆ ನಂಬರ್, ವಿಸ್ತೀರ್ಣ, ನಾಲ್ಕು ದಿಕ್ಕಿನ ಚೆಕ್ಕುಬಂದಿ ಇರಬೇಕು. ಮನೆಗೆ ಪಾಲಿಕೆಯ ಖಾತೆ ನಂಬರ್. ಬ್ಯಾಂಕ್ ಠೇವಣಿ, ಬಂಗಾರ ಬಿಡಬೇಡಿ. ಠೇವಣಿಗೆ ನಾಮಿನಿ ಇದ್ದಾರೆ, ಸಾಕು ಅಂದುಕೊಳ್ಳಬೇಡಿ. ನಾಮಿನಿ ಬ್ಯಾಂಕಿನಿಂದ ಹಣ ಪಡೆಯಬಹುದು, ಆದರೆ ಅದಕ್ಕೆ ಯಾರು ಹಕ್ಕುದಾರರು ಅನ್ನುವುದು ಉಯಿಲಿನಿಂದಲೋ ಉತ್ತರಾಧಿಕಾರ ಕಾಯ್ದೆಯಿಂದಲೋ ತೀರ್ಮಾನವಾಗುತ್ತದೆ. ‘ಇಲ್ಲಿ ಹೇಳದೆ ಉಳಿದ ಆಸ್ತಿ’ ಯಾರಿಗೆ ಅನ್ನುವ ಸಾಲೂ ಬೇಕು. ಇದನ್ನು ಬಹಳ ಜನ ಬಿಡುತ್ತಾರೆ.

ಈಗ ಸಾಕ್ಷಿಗಳ ಕಡೆ ಬರೋಣ. ಉಯಿಲು ಮುರಿದು ಬೀಳುವುದು ಜಾಸ್ತಿ ಇಲ್ಲೇ. ತಕರಾರು ಬಂದರೆ, ಸಾಕ್ಷಿ ಬದುಕಿದ್ದರೆ ಕನಿಷ್ಠ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಪಾಟೀಸವಾಲು ಹೇಗಿರುತ್ತದೆ ಅಂದರೆ:

“ಈ ಸಹಿ ಎಲ್ಲಿ ಹಾಕಿದಿರಿ?”

“ಆಫೀಸಿನ ಎದುರಿಗೆ ಟೀ ಅಂಗಡೀಲಿ ಸಾರ್.”

“ಆಗ ಯಜಮಾನ್ರು ಎಲ್ಲಿದ್ರು?”

“ಅವರು ಒಳಗಿದ್ರು. ಅವರ ಮಗ ಬಂದು ಇಲ್ಲೊಂದು ಸಹಿ ಹಾಕ್ರಿ ಮಾಮ ಅಂದ. ಹಾಕ್ದೆ.”

ಮುಗೀತು. ಸಾಕ್ಷಿ ಸುಳ್ಳು ಹೇಳಲಿಲ್ಲ, ಉಯಿಲೂ ನಕಲಿಯಲ್ಲ. ಆದರೂ 63ನೇ ಕಲಂ ಕೇಳಿದ್ದು ನಡೆದಿಲ್ಲ. ಅದಕ್ಕೆ ವಕೀಲರು ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. ಅಪ್ಪನಿಗೆ ಪೂರ್ತಿ ಓದಿ ಹೇಳುತ್ತಾರೆ, ಪ್ರತಿ ಪುಟಕ್ಕೂ ಸಹಿ ಹಾಕಿಸುತ್ತಾರೆ, ಆಮೇಲೆ ಸಾಕ್ಷಿಗಳ ಸಹಿ. ಇಬ್ಬರೂ ಒಟ್ಟಿಗೇ ಇರಬೇಕೆಂದು ಕಾನೂನು ಹೇಳುವುದಿಲ್ಲ, ಆದರೂ ಒಟ್ಟಿಗಿದ್ದರೆ ಮಾತು ತಪ್ಪುವುದಿಲ್ಲ. ಆಸ್ತಿ ಪಡೆಯುವವರು, ಅವರ ಹೆಂಡತಿ ಅಥವಾ ಗಂಡ ಸಾಕ್ಷಿ ಆಗುವುದು ಬೇಡ. ಅಪ್ಪನ ವಾರಿಗೆಯ ಗೆಳೆಯರೂ ಬೇಡ, ಅವರು ಅಪ್ಪನಿಗಿಂತ ಮುಂಚೆಯೇ ಹೋಗಿಬಿಟ್ಟರೆ? ನಲವತ್ತು ಐವತ್ತರ ಆಸುಪಾಸಿನ, ಊರಲ್ಲೇ ಇರುವ, ಪರಿಚಯದವರು ಒಳ್ಳೆಯದು. ಅಪ್ಪನನ್ನು ನೋಡುವ ಡಾಕ್ಟರೇ ಒಬ್ಬ ಸಾಕ್ಷಿಯಾದರೆ ಇನ್ನೂ ಒಳ್ಳೆಯದು. ಇಲ್ಲವೇ ಮನಸ್ಸು ಸ್ಥಿಮಿತದಲ್ಲಿದೆ ಅಂತ ಅದೇ ದಿನದ ಸರ್ಟಿಫಿಕೇಟ್ ತೆಗೆದುಕೊಳ್ಳಿ.

ನೋಂದಣಿ ಕಡ್ಡಾಯವಲ್ಲ ಅಂದೆ. ಆದರೂ ಮಾಡಿಸಿ ಅಂತಲೇ ಹೇಳುತ್ತೇನೆ. ಗದ್ದೆ ಹರಿಹರದಲ್ಲಿ, ತೋಟ ಚನ್ನಗಿರಿಯಲ್ಲಿ ಅಂತ ಮೂರು ಆಫೀಸು ಅಲೆಯಬೇಕಿಲ್ಲ. ಉಯಿಲನ್ನು ಯಾವ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಬೇಕಾದರೂ ನೋಂದಾಯಿಸಬಹುದು, ದಾವಣಗೆರೆಯಲ್ಲೇ ಆದರೂ ಆಯಿತು. ಅಪ್ಪ ಹಾಸಿಗೆ ಹಿಡಿದಿದ್ದರೆ ಅರ್ಜಿ ಕೊಟ್ಟರೆ ಅಧಿಕಾರಿ ಮನೆಗೇ ಬರಲು ನೋಂದಣಿ ಕಾಯ್ದೆಯಲ್ಲಿ ಅವಕಾಶ ಇದೆ. ಅಪ್ಪ ಇರುವವರೆಗೆ ಅದರ ನಕಲನ್ನು ಅವರಿಗೋ ಅವರು ಅಧಿಕಾರ ಕೊಟ್ಟವರಿಗೋ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ. ಹಾಗಾಗಿ ಗುಟ್ಟು ರಟ್ಟಾಗುವ ಭಯ ಬೇಡ. ನೋಂದಣಿ ಆಯಿತು ಅಂದ ಮಾತ್ರಕ್ಕೆ ಅನುಮಾನಗಳೆಲ್ಲ ತೊಳೆದುಹೋಗುವುದಿಲ್ಲ ಅನ್ನುವುದೂ ನೆನಪಿರಲಿ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ನೋಂದಣಿ ಆದ ಉಯಿಲನ್ನೂ ಅಪ್ಪ ಯಾವಾಗ ಬೇಕಾದರೂ ಬದಲಾಯಿಸಬಹುದು. ಆಮೇಲೆ ಬಿಳಿ ಹಾಳೆಯಲ್ಲಿ ಬರೆದ, ನೋಂದಣಿಯಾಗದ ಉಯಿಲೂ ಕ್ರಮ ಪ್ರಕಾರ ಇಬ್ಬರು ಸಾಕ್ಷಿಗಳ ಎದುರು ಆಗಿದ್ದರೆ ಹಳೆಯ ನೋಂದಾಯಿತ ಉಯಿಲನ್ನು ರದ್ದು ಮಾಡುತ್ತದೆ. ಕೊನೆಯದೇ ಉಯಿಲು. ಹಳೆಯದರ ಮೇಲೆ ಪೆನ್ನಿನಲ್ಲಿ ಹೊಡೆದು ತಿದ್ದುವ ಕೆಲಸ ಮಾತ್ರ ಬೇಡ, ಹೊಸದನ್ನೇ ಬರೆಸಿ.

‘ಉಯಿಲು ಯಾಕೆ, ದಾನಪತ್ರವೇ ಮಾಡಿಬಿಡಲಿ’ ಅಂತ ಯಾರಾದರೂ ಹೇಳಿದರೆ ಅಪ್ಪ ಒಂದು ಸಲ ಯೋಚಿಸಲಿ. ದಾನಪತ್ರ ಮಾಡಿದರೆ ಮನೆ ಕೂಡಲೇ ಕೈಬಿಡುತ್ತದೆ. ನೋಡಿಕೊಳ್ಳಬೇಕು ಅನ್ನುವ ಷರತ್ತು ಬರೆಸಿದ್ದು, ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿ ಹತ್ತಿರ ರದ್ದು ಕೇಳಬಹುದು. ಆದರೆ ಆ ವಯಸ್ಸಿನಲ್ಲಿ ಅಲೆಯುವುದು ಯಾಕೆ? ಉಯಿಲಿನಲ್ಲಿ ಉಸಿರಿರುವವರೆಗೂ ಮನೆ ಅವರದೇ.

ಅಪ್ಪನ ನಂತರ ಗದ್ದೆ, ತೋಟಕ್ಕೆ ಮರಣ ಪ್ರಮಾಣಪತ್ರ ಮತ್ತು ಉಯಿಲಿನ ಪ್ರತಿ ಇಟ್ಟು ಖಾತೆ ಬದಲಾವಣೆಗೆ ಅರ್ಜಿ ಕೊಡುತ್ತೀರಿ. ಮನೆಗೆ ಪಾಲಿಕೆಯಲ್ಲಿ. ಮುಂಬೈ, ಚೆನ್ನೈನಲ್ಲಿ 2025ರವರೆಗೆ ಕಡ್ಡಾಯವಾಗಿದ್ದ ಪ್ರೊಬೇಟ್, ಅಂದರೆ ಉಯಿಲು ಸರಿಯಿದೆ ಅಂತ ಕೋರ್ಟು ಕೊಡುವ ದೃಢೀಕರಣ, ನಮ್ಮ ಕಡೆ ಕಡ್ಡಾಯವಲ್ಲ. ಯಾರಾದರೂ ತಕರಾರು ಅರ್ಜಿ ಹಾಕಿದರೆ ಕಂದಾಯ ಇಲಾಖೆಯವರು ಉಯಿಲಿನ ಸತ್ಯಾಸತ್ಯ ತೀರ್ಮಾನಿಸುವುದಿಲ್ಲ, ಸಿವಿಲ್ ಕೋರ್ಟಿಗೆ ಹೋಗಿ ಅನ್ನುತ್ತಾರೆ.

ವಕೀಲರ ಫೀಸು ಒಬ್ಬೊಬ್ಬರದು ಒಂದೊಂದು ಥರ. ಬರೆಯುವುದಕ್ಕೆ ಎಷ್ಟು, ದಾಖಲೆ ನೋಡುವುದಕ್ಕೆ ಎಷ್ಟು, ನೋಂದಣಿ ದಿನ ಜೊತೆಗೆ ಬರುವುದಕ್ಕೆ ಎಷ್ಟು ಅಂತ ಮೊದಲೇ ಕೇಳಿ, ಸಂಕೋಚ ಬೇಡ. ಆಸ್ತಿ ಕೇಸು ನಡೆಸಿದ ಅನುಭವ ಇರುವ ಸಿವಿಲ್ ವಕೀಲರನ್ನೇ ಹಿಡಿಯಿರಿ. ಕೋರ್ಟಿನಲ್ಲಿ ಉಯಿಲು ಎಲ್ಲಿ ಎಡವುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ಫೀಸು ಕಷ್ಟವಾದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಕೇಳಬಹುದು. ಫೋನಿನಲ್ಲಿ ವಿಚಾರಿಸುವುದಾದರೆ ಸಹಾಯವಾಣಿ 15100.