ಒಂದು ರಿಮೋಟ್, ಒಂದು ಗಾಗಲ್ಸ್, ಮೂರು ಡ್ರೋನ್: ಎಫ್‌ಪಿವಿ ಕಲಿಯುವವರಿಗೊಂದು ಟಿಪ್ಪಣಿ

ಎರಡನೇ ಎಫ್‌ಪಿವಿ ಡ್ರೋನ್ (ಅದರ ಕ್ಯಾಮೆರಾದ ಚಿತ್ರವನ್ನು ಗಾಗಲ್ಸಿನಲ್ಲಿ ನೋಡುತ್ತಾ ಹಾರಿಸುವಂಥದು) ಕೊಳ್ಳಲು ಹೊರಟಾಗ ಎಲ್ಲರಿಗೂ ಬರುವ ಪ್ರಶ್ನೆಯೇ ನನಗೂ ಬಂದಿತ್ತು: ಇದಕ್ಕೆ ಇನ್ನೊಂದು ರಿಮೋಟ್, ಇನ್ನೊಂದು ಗಾಗಲ್ಸ್ ಬೇಕೇ? ಬೇಡ. ಒಂದೇ ರಿಮೋಟಿನಲ್ಲಿ ಹತ್ತು ಡ್ರೋನ್ ಹಾರಿಸುವವರಿದ್ದಾರೆ. ಈಗ ನನ್ನ ಹತ್ತಿರ ಮೂರಿವೆ: ಮನೆಯೊಳಗೆ ಹಾರಿಸುವ 65 ಮಿಲಿಮೀಟರಿನ ವೂಪ್ ಎಂಬ ಪುಟ್ಟ ಡ್ರೋನ್, ಮೂರು ಇಂಚಿನ ಪ್ರಾಪ್, ಅಂದರೆ ರೆಕ್ಕೆ, ಇರುವುದೊಂದು, ಬಯಲಿಗೆ ಒಯ್ಯುವ ಐದು ಇಂಚಿನದೊಂದು. ಮೂರಕ್ಕೂ ಸೇರಿ ಒಂದು ರಿಮೋಟ್, ಒಂದು ಅನಲಾಗ್ ಗಾಗಲ್ಸ್. ಇವನ್ನು ಹೊಂದಿಸುವಾಗ ಬರೆದಿಟ್ಟುಕೊಂಡದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ತಿಳಿಯಬೇಕಾದ್ದು, ಇಲ್ಲಿ ಎರಡು ದಾರಿಗಳಿವೆ. ನಿಮ್ಮ ಸ್ಟಿಕ್ಕಿನ ಆಜ್ಞೆ ರಿಮೋಟಿನಿಂದ ಡ್ರೋನಿಗೆ ಹೋಗುವುದು ಒಂದು ದಾರಿ. ಇಎಲ್‌ಆರ್‌ಎಸ್ (ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್, ಈ ಆಜ್ಞೆ ಒಯ್ಯುವ ಒಂದು ರೇಡಿಯೋ ವ್ಯವಸ್ಥೆ) ಇದ್ದರೆ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್. ಕ್ಯಾಮೆರಾದ ಚಿತ್ರ ಗಾಗಲ್ಸಿಗೆ ಬರುವುದು ಇನ್ನೊಂದು ದಾರಿ, 5.8 ಗಿಗಾಹರ್ಟ್ಸ್. ಅನಲಾಗ್‌ನಲ್ಲಿ ಇವೆರಡಕ್ಕೂ ಒಂದರ ಪರಿಚಯ ಇನ್ನೊಂದಕ್ಕಿಲ್ಲ. ಚಿತ್ರ ಬಂತು, ಅಂದರೆ ಬೈಂಡ್ ಆಗಿದೆ, ರಿಮೋಟಿಗೂ ಡ್ರೋನಿಗೂ ಜೋಡಿಯಾಗಿದೆ ಎಂದುಕೊಂಡು ನಾನು ಒಂದಿಡೀ ಸಂಜೆ ಸ್ಟಿಕ್ ಅಲ್ಲಾಡಿಸಿದ್ದೇನೆ. ಡ್ರೋನ್ ಮಿಸುಕಲಿಲ್ಲ. ಚಿತ್ರ ಮಾತ್ರ ಚೆನ್ನಾಗಿ ಬರುತ್ತಿತ್ತು.

ರಿಮೋಟಿನ ಕಡೆ

ಕೊಳ್ಳುವ ಮುಂಚೆ ನೋಡಬೇಕಾದ್ದು ಡ್ರೋನಿನೊಳಗಿನ ರಿಸೀವರ್ ಯಾವ ಭಾಷೆಯದು ಎಂದು. ಇಎಲ್‌ಆರ್‌ಎಸ್ ರಿಮೋಟ್ ಇಎಲ್‌ಆರ್‌ಎಸ್ ರಿಸೀವರಿನೊಂದಿಗೆ ಮಾತ್ರ ಮಾತಾಡುತ್ತದೆ. ಕ್ರಾಸ್‌ಫೈರ್, ಫ್ರ್‌ಸ್ಕೈ, ಸ್ಪೆಕ್ಟ್ರಮ್ ಒಂದೊಂದೂ ಬೇರೆ ಭಾಷೆ. ಹಳೆಯ ಬೇರೆಬೇರೆ ಡ್ರೋನ್‌ಗಳ ರಾಶಿಯೇ ಇರುವವರು ನಾಲ್ಕು ರೇಡಿಯೋ ಚಿಪ್‌ಗಳಿರುವ ಮಲ್ಟಿ ಪ್ರೋಟೋಕಾಲ್ ಮಾಡ್ಯೂಲ್ ಹಾಕಿಸಿಕೊಳ್ಳುತ್ತಾರೆ. ಹೊಸದಾಗಿ ಶುರು ಮಾಡುವವರು ಎಲ್ಲ ಡ್ರೋನಿಗೂ ಒಂದೇ ಬಗೆಯ ರಿಸೀವರ್ ಇಟ್ಟುಕೊಂಡರೆ ಈ ತಾಪತ್ರಯವೇ ಇಲ್ಲ.

ಇಎಲ್‌ಆರ್‌ಎಸ್‌ನಲ್ಲಿ ಬೈಂಡ್ ಮಾಡಲು ಬೈಂಡಿಂಗ್ ಫ್ರೇಸ್ ಎಂಬುದಿದೆ. ನೀವು ಕೊಟ್ಟ ಮಾತಿನಿಂದ ಎಂಡಿ5 ಎಂಬ ಲೆಕ್ಕ ಹಾಕಿ 6 ಬೈಟ್‌ಗಳ ಒಂದು ಗುರುತು ಹುಟ್ಟುತ್ತದೆ. ರಿಮೋಟಿನಲ್ಲಿ ಯಾವ ಗುರುತಿದೆಯೋ ರಿಸೀವರಿನಲ್ಲೂ ಅದೇ ಇದ್ದರೆ ಮುಗಿಯಿತು, ಬ್ಯಾಟರಿ ಸಿಕ್ಕಿಸಿದ ಕೂಡಲೇ ಎರಡೂ ಕೂಡಿಕೊಳ್ಳುತ್ತವೆ. ಮೂರೂ ಡ್ರೋನಿಗೆ ಒಂದೇ ಫ್ರೇಸ್ ಹಾಕಿದರೆ ಮೂರೂ ನಿಮ್ಮವೇ. ಬಯಲಲ್ಲಿ ಇನ್ನೊಬ್ಬರಿಗೂ ಹೊಳೆಯಬಹುದಾದ ಸುಲಭದ ಫ್ರೇಸ್ ಮಾತ್ರ ಬೇಡ.

ಈ ಸುಖದಲ್ಲೇ ಒಂದು ಗಂಡಾಂತರವಿದೆ, ಅದನ್ನು ನಾನು ಮೇಜಿನ ಮೇಲೆ ಕಲಿತೆ. ಮೂರು ಇಂಚಿನದರ ಪ್ರಾಪ್ ಬಿಚ್ಚಿಟ್ಟು ಮೋಟಾರ್ ಪರೀಕ್ಷೆ ಮಾಡುತ್ತಿದ್ದೆ. ವೂಪಿನ ಬ್ಯಾಟರಿ ಕೀಳುವುದನ್ನು ಮರೆತಿದ್ದೆ. ಮೋಟಾರ್ ತಿರುಗಲು ಅನುಮತಿ ಕೊಡುವ ಆರ್ಮ್ ಸ್ವಿಚ್ ಹಾಕಿ ಥ್ರಾಟಲ್ ಏರಿಸಿದೆ ನೋಡಿ, ಮೇಜಿನ ಆ ತುದಿಯಲ್ಲಿದ್ದ ವೂಪ್ ಗುಯ್ಯೆಂದು ಎದ್ದು ಗೋಡೆಗೆ ಬಡಿದು ಕೆಳಗೆ ಬಿತ್ತು. ಗುರುತು ಒಂದೇ ಆದ್ದರಿಂದ ಇಬ್ಬರೂ ನನ್ನ ಮಾತು ಕೇಳಿದ್ದರು. ವೂಪಾದ್ದರಿಂದ ನಗಬಹುದು, ಪ್ರಾಪ್ ಇದ್ದ ಐದು ಇಂಚಿನದಾಗಿದ್ದರೆ ಬೆರಳು ಎಣಿಸಿಕೊಳ್ಳಬೇಕಿತ್ತು.

ಇದಕ್ಕೆ ಮದ್ದು ಮಾಡೆಲ್ ಮ್ಯಾಚ್. ಎಡ್ಜ್‌ಟಿಎಕ್ಸ್ ತಂತ್ರಾಂಶ ಇರುವ ರಿಮೋಟಿನಲ್ಲಿ ಪ್ರತಿ ಡ್ರೋನಿಗೂ ಒಂದೊಂದು ಮಾಡೆಲ್ (ಆ ಡ್ರೋನಿನ ಸೆಟಿಂಗ್ಸಿನ ಕಡತ) ಮಾಡಿ, ಪ್ರತಿಯೊಂದಕ್ಕೂ 0ರಿಂದ 63ರೊಳಗೆ ಬೇರೆಬೇರೆ ರಿಸೀವರ್ ನಂಬರ್ ಕೊಡಿ. ಆಮೇಲೆ ಒಂದು ಡ್ರೋನನ್ನು ಮಾತ್ರ ಆನ್ ಮಾಡಿ, ಅದರ ಮಾಡೆಲ್ ಆರಿಸಿ, ರಿಮೋಟಿನ ಪರದೆಯಲ್ಲಿ ತೆರೆಯುವ ಇಎಲ್‌ಆರ್‌ಎಸ್ ಲುವಾ ಸ್ಕ್ರಿಪ್ಟಿನಲ್ಲಿ ಮಾಡೆಲ್ ಮ್ಯಾಚ್ ಆನ್ ಮಾಡಿ. ಆ ನಂಬರ್ ರಿಸೀವರಿನೊಳಗೆ ಉಳಿಯುತ್ತದೆ. ಇನ್ನು ಮುಂದೆ ತಪ್ಪು ಮಾಡೆಲ್ ಇದ್ದರೆ ರಿಸೀವರ್ ಸಂಪರ್ಕಕ್ಕೇನೋ ಬರುತ್ತದೆ, ಆದರೆ ಆಜ್ಞೆಯನ್ನು ಡ್ರೋನಿನ ಮಿದುಳಾದ ಫ್ಲೈಟ್ ಕಂಟ್ರೋಲರಿಗೆ ದಾಟಿಸುವುದಿಲ್ಲ. ರಿಸೀವರಿನ ದೀಪ ಮೂರು ಸಲ ಮಿಣುಕಿ, ನಿಂತು, ಮತ್ತೆ ಮೂರು ಸಲ ಮಿಣುಕುತ್ತಿದ್ದರೆ ಅದೇ ಅರ್ಥ. ಡ್ರೋನ್ ಕೆಟ್ಟಿದೆ ಎಂದು ಬಿಚ್ಚಲು ಹೋಗಬೇಡಿ, ಮಾಡೆಲ್ ಬದಲಿಸಿ.

ರೇಟ್ಸ್, ಪಿಐಡಿ ಮುಂತಾದ ಹಾರಾಟದ ಸೆಟಿಂಗ್ಸ್ ಎಲ್ಲ ಫ್ಲೈಟ್ ಕಂಟ್ರೋಲರಿನ ತಂತ್ರಾಂಶವಾದ ಬೀಟಾಫ್ಲೈಟಿನಲ್ಲಿ, ಅಂದರೆ ಡ್ರೋನಿನೊಳಗೇ ಇರುವುದರಿಂದ ಎಲ್ಲಕ್ಕೂ ಒಂದೇ ಮಾಡೆಲ್ ಸಾಕು ಎನ್ನುವವರೂ ಇದ್ದಾರೆ. ಹಾರಿಸುವ ಮಟ್ಟಿಗೆ ಅದು ಸರಿಯೇ. ನನಗೆ ಒಪ್ಪಿಗೆಯಾಗದಿರಲು ಮೇಜಿನ ಕಥೆಯ ಜೊತೆಗೆ ಬ್ಯಾಟರಿಯೂ ಕಾರಣ. ಒಂದು ಸೆಲ್ಲಿಗೆ 3.5 ವೋಲ್ಟಿಗೆ ರಿಮೋಟ್ ಕೂಗಬೇಕು ಎಂದಿಟ್ಟುಕೊಳ್ಳಿ. 1ಎಸ್ (ಒಂದು ಸೆಲ್ಲಿನ) ವೂಪಿಗೆ ಅದು 3.5, 6ಎಸ್ (ಆರು ಸೆಲ್ಲಿನ) ಬ್ಯಾಟರಿಯ ಐದು ಇಂಚಿನದಕ್ಕೆ 21. ಒಂದೇ ಮಾಡೆಲ್ ಆದರೆ 21 ಎಂದಿಟ್ಟಾಗ ವೂಪಿಗೆ ಸದಾ ಕೂಗುತ್ತದೆ, 3.5 ಎಂದಿಟ್ಟರೆ ದೊಡ್ಡದಕ್ಕೆ ಕೂಗುವುದೇ ಇಲ್ಲ.

ಹಾಗಾಗಿ ಒಂದು ಮಾಡೆಲನ್ನು ಸರಿಯಾಗಿ ಮಾಡಿ, ಅದನ್ನೇ ನಕಲು ಮಾಡಿ. ಹೆಸರು, ಅಲಾರಂ, ರಿಸೀವರ್ ನಂಬರ್ ಮಾತ್ರ ಬದಲಿಸಿ. ಸ್ವಿಚ್‌ಗಳು ಎಲ್ಲದರಲ್ಲೂ ಇದ್ದಲ್ಲೇ ಇರಲಿ. ಒಂದರಲ್ಲಿ ಆರ್ಮ್ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಇಟ್ಟರೆ ಗಾಬರಿಯಲ್ಲಿ ಬೆರಳು ಹಳೆಯ ಜಾಗಕ್ಕೇ ಹೋಗುತ್ತದೆ. ರಿಮೋಟಿನ ಒಂದೊಂದು ಆಜ್ಞೆಗೂ ಒಂದೊಂದು ಚಾನೆಲ್ ಇರುತ್ತದೆ; ಆರ್ಮ್ ಮಾತ್ರ ಐದನೇ ಚಾನೆಲಿನಲ್ಲೇ, ಅಂದರೆ ಆಕ್ಸ್ 1ರಲ್ಲೇ ಇರಬೇಕು. ಇಎಲ್‌ಆರ್‌ಎಸ್ ಅದನ್ನು ಎರಡೇ ಸ್ಥಾನದ ಸ್ವಿಚ್ಚಾಗಿ ಪ್ರತಿ ಪ್ಯಾಕೆಟ್ಟಿನಲ್ಲೂ ಕಳಿಸುತ್ತದೆ. ಚಾನೆಲ್ ಕ್ರಮವೂ ಎಲ್ಲದರಲ್ಲೂ ಒಂದೇ ಇರಲಿ.

ಅಪ್‌ಡೇಟ್ ವಿಷಯದಲ್ಲಿ ಒಂದು ಮಾತು. ಇಎಲ್‌ಆರ್‌ಎಸ್ 2 ಮತ್ತು 3 ಪರಸ್ಪರ ಮಾತಾಡುವುದಿಲ್ಲ. ರಿಮೋಟಿನದನ್ನು 3ಕ್ಕೆ ಏರಿಸಿದ ದಿನ 2ರಲ್ಲಿರುವ ಡ್ರೋನ್‌ಗಳೆಲ್ಲ ಮೂಕವಾಗುತ್ತವೆ. ವೂಪ್‌ಗಳಲ್ಲಿ ಇದು ಇನ್ನೂ ತೊಡಕು. ಹಲವು ವೂಪ್‌ಗಳಲ್ಲಿ ರಿಸೀವರ್ ಫ್ಲೈಟ್ ಕಂಟ್ರೋಲರಿನ ಮೇಲೆಯೇ ಇದ್ದು, ಅದರ ಇಎಲ್‌ಆರ್‌ಎಸ್ ಬೀಟಾಫ್ಲೈಟಿನ ಒಳಗೇ ಬರುತ್ತದೆ. ಬೀಟಾಫ್ಲೈಟ್ 4.3 ಆದರೆ ಇಎಲ್‌ಆರ್‌ಎಸ್ 2, 4.4 ಆದರೆ 3. ಅಂಥದರಲ್ಲಿ ರಿಸೀವರನ್ನು ಅಪ್‌ಡೇಟ್ ಮಾಡುವುದೆಂದರೆ ಬೀಟಾಫ್ಲೈಟನ್ನೇ ಹೊಸದಾಗಿ ಹಾಕುವುದು. ಮುಂಚೆ ಹಳೆಯ ಸೆಟಿಂಗ್ಸ್ ಉಳಿಸಿಟ್ಟುಕೊಳ್ಳಿ.

ಗಾಗಲ್ಸಿನ ಕಡೆ

ಅನಲಾಗ್‌ನಲ್ಲಿ ಬೈಂಡಿಂಗ್ ಎಂಬುದೇ ಇಲ್ಲ, ಅದು ಎಫ್‌ಎಂ ರೇಡಿಯೋ ಇದ್ದ ಹಾಗೆ. ಡ್ರೋನ್ ಪ್ರಸಾರ ಮಾಡುವ ಚಾನೆಲಿಗೆ ಗಾಗಲ್ಸ್ ತಿರುಗಿಸಿದರೆ ಯಾರಿಗೆ ಬೇಕಾದರೂ ಚಿತ್ರ ಸಿಗುತ್ತದೆ. ಎ, ಬಿ, ಇ, ಎಫ್, ಆರ್ ಎಂದು ಐದು ಬ್ಯಾಂಡ್, ಒಂದೊಂದರಲ್ಲಿ 8ರಂತೆ 40 ಚಾನೆಲ್. ಆರ್ ಎಂದರೆ ರೇಸ್‌ಬ್ಯಾಂಡ್: ಆರ್1 5658 ಮೆಗಾಹರ್ಟ್ಸ್, ಅಲ್ಲಿಂದ 37ರಂತೆ ಏರುತ್ತಾ ಆರ್8 5917.

ಬ್ಯಾಂಡ್‌ಗಳು ಒಂದರ ಮೇಲೊಂದು ಹಾದುಹೋಗುವುದರಿಂದ ಎಡವುವುದು ಇಲ್ಲೇ. ಎಫ್4 5800, ಆರ್5 5806. ಡ್ರೋನ್ ಎಫ್4ರಲ್ಲಿದ್ದು ಗಾಗಲ್ಸ್ ಆರ್5ರಲ್ಲಿದ್ದರೂ ಹತ್ತಿರದಲ್ಲಿ ಚಿತ್ರ ಪರವಾಗಿಲ್ಲ ಎನ್ನುವಂತೆ ಬರುತ್ತದೆ, ದೂರ ಹೋದಂತೆ ಬೇಗ ಹಾಳಾಗುತ್ತದೆ. ನೀವು ಆಂಟೆನಾವನ್ನು ಬೈಯುತ್ತಾ ಕೂರುತ್ತೀರಿ. ಆರ್7 ಮತ್ತು ಎಫ್8 ಮಾತ್ರ ನಿಜವಾಗಿಯೂ ಒಂದೇ, ಎರಡೂ 5880.

ಒಬ್ಬರೇ, ಒಂದು ಸಲಕ್ಕೆ ಒಂದನ್ನೇ ಹಾರಿಸುವುದಾದರೆ ಎಲ್ಲ ಡ್ರೋನನ್ನೂ ಒಂದೇ ಚಾನೆಲಿಗೆ ಇಟ್ಟು ಗಾಗಲ್ಸ್ ಮುಟ್ಟದೆಯೇ ಇರಬಹುದು. ನಾನು ಮಾತ್ರ ಆರ್1, ಆರ್3, ಆರ್6 ಎಂದು ಹಂಚಿದ್ದೇನೆ. ಒಂದರ ಚಿತ್ರ ನೋಡುತ್ತಾ ಇನ್ನೊಂದನ್ನು ಆರ್ಮ್ ಮಾಡುವಂಥ ಕೆಟ್ಟ ತಪ್ಪು ಬೇರೆಯಿಲ್ಲ. ಚಾನೆಲ್ ಒಂದೇ ಆದರೆ, ಎರಡು ಆನ್ ಇದ್ದಾಗ ಯಾವುದರ ಸಿಗ್ನಲ್ ಜೋರೋ ಅದರ ಚಿತ್ರ ಬಂದುಬಿಡುತ್ತದೆ. ಬೀಟಾಫ್ಲೈಟಿನ ಓಎಸ್‌ಡಿಯಲ್ಲಿ (ಚಿತ್ರದ ಮೇಲೆ ಮೂಡುವ ಬರಹದಲ್ಲಿ) ಕ್ರಾಫ್ಟ್ ನೇಮ್ ತೋರಿಸುವಂತೆ ಮಾಡಿ, ಪ್ರತಿ ಡ್ರೋನಿಗೂ ಹೆಸರಿಡಿ. ಪರದೆಯ ಮೂಲೆಯಲ್ಲಿ ಹೆಸರು ಓದಿ, ರಿಮೋಟಿನ ಮಾಡೆಲ್ ಹೆಸರು ನೋಡಿ, ಆಮೇಲೆ ಆರ್ಮ್.

ಡಿಜಿಟಲ್‌ಗೆ ಬಂದರೆ ಗಾಗಲ್ಸಿನ ಜಾತಿ ಮುಖ್ಯವಾಗುತ್ತದೆ. ಡಿಜೆಐ, ವಾಕ್‌ಸ್ನೇಲ್, ಎಚ್‌ಡಿಝೀರೋ ಎಂಬ ವಿಡಿಯೋ ವ್ಯವಸ್ಥೆಗಳಲ್ಲಿ ಒಂದರ ಚಿತ್ರ ಇನ್ನೊಂದಕ್ಕೆ ಕಾಣುವುದಿಲ್ಲ. ಡಿಜೆಐ ಮತ್ತು ವಾಕ್‌ಸ್ನೇಲ್‌ಗಳಲ್ಲಿ ಡ್ರೋನಿನ ವಿಡಿಯೋ ಘಟಕವನ್ನು ಗಾಗಲ್ಸಿಗೆ ಬೈಂಡ್ ಮಾಡಬೇಕು. ಎಚ್‌ಡಿಝೀರೋದಲ್ಲಿ ಬೈಂಡ್ ಇಲ್ಲ, ಅನಲಾಗ್‌ನಂತೆ ಚಾನೆಲ್ ಹಿಡಿದರೆ ಸಾಕು. ಡಿಜೆಐ ಅವಾಟಾದಂಥ ಸಿದ್ಧ ಡ್ರೋನ್ ಕೊಂಡರೆ ಮೇಲಿನ ಎರಡು ದಾರಿಯ ಲೆಕ್ಕ ತಪ್ಪುತ್ತದೆ: ಆಜ್ಞೆಯೂ ಚಿತ್ರವೂ ಅದೇ ಕಂಪನಿಯ ವ್ಯವಸ್ಥೆಯೊಳಗೇ ಇರುವುದರಿಂದ ನಿಮ್ಮ ಇಎಲ್‌ಆರ್‌ಎಸ್ ರಿಮೋಟ್ ಅದಕ್ಕೆ ನಡೆಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಡ್ರೋನ್ ನೋಡಲು ಹೋದಾಗ ರಿಸೀವರ್ ಯಾವುದು, ಅದರ ಆವೃತ್ತಿ ಎಷ್ಟು, ವಿಡಿಯೋ ಯಾವುದು ಎಂದು ಕೇಳಿಯೇ ಬೆಲೆಯ ಮಾತಿಗೆ ಬನ್ನಿ.