ಪದ ಪರಿಚಯ: ಟಿಪಿಎಚ್

ಬಾವಿ ನೀರಿಗೆ ಡೀಸೆಲ್ ನಾತ ಬಂತೆಂದು ಪರೀಕ್ಷೆಗೆ ಕೊಟ್ಟರೆ ಲ್ಯಾಬ್ ವರದಿಯಲ್ಲಿ ‘ಟಿಪಿಎಚ್’ ಎಂಬ ಸಾಲು ಇರುತ್ತದೆ. ಟೋಟಲ್ ಪೆಟ್ರೋಲಿಯಂ ಹೈಡ್ರೋಕಾರ್ಬನ್ಸ್, ಅಂದರೆ ಪೆಟ್ರೋಲಿಯಂ ಮೂಲದ ನೂರಾರು ಸಂಯುಕ್ತಗಳ ಒಟ್ಟು ಮೊತ್ತ. ಯಾವ ಶ್ರೇಣಿಯನ್ನು ಅಳೆದಿದ್ದಾರೆಂದು ಬರೆಯದಿದ್ದರೆ ಈ ಅಂಕಿಗೆ ಅರ್ಥವಿಲ್ಲ. ರೂಢಿಯಲ್ಲಿರುವುದು ಸಿ10ರಿಂದ ಸಿ40, ಅಂದರೆ ಅಣುವಿನಲ್ಲಿ ಹತ್ತರಿಂದ ನಲವತ್ತು ಇಂಗಾಲದ ಪರಮಾಣುಗಳಿರುವ ಸಂಯುಕ್ತಗಳು. ಪೆಟ್ರೋಲಿನ ಬಹುಪಾಲು ಅದಕ್ಕಿಂತ ಹಗುರ. ಬಂಕಿನ ಟ್ಯಾಂಕ್ ಸೋರಿದ ಗುಮಾನಿಯಿದ್ದರೆ ಪೆಟ್ರೋಲಿನಲ್ಲಿರುವ, ಬೇಗ ಆವಿಯಾಗುವ ಬೆಂಜೀನ್, ಟಾಲ್ವೀನ್‌ಗಳನ್ನು ಬೇರೆಯಾಗಿಯೇ ನೋಡಿಸಬೇಕು. ಅದಕ್ಕೆ 40 ಮಿ.ಲೀ. ಸೀಸೆಯನ್ನು ಗಾಳಿಗುಳ್ಳೆ ಉಳಿಯದಂತೆ ತುಂಬಬೇಕು.

ಟಿಪಿಎಚ್ ಅಳೆಯುವ ಯಂತ್ರ ಗ್ಯಾಸ್ ಕ್ರೊಮೆಟೋಗ್ರಾಫ್. ಮಾದರಿಯನ್ನು ಆವಿ ಮಾಡಿ, ಅನಿಲದ ಜೊತೆ ಕಾಲಂ ಎಂಬ ಸಣ್ಣ ಕೊಳವೆಯಲ್ಲಿ ಹರಿಸಿ ಸಂಯುಕ್ತಗಳನ್ನು ಬಿಡಿಸುತ್ತದೆ. ಅದು ಒಂದು ಮಾದರಿಗೆ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದ ಕಡೆ, ಗಿಡ್ಡ ಕಾಲಂ, ವಾಹಕ ಅನಿಲವಾಗಿ ಹೈಡ್ರೋಜನ್, ಬೇಗ ಕಾಯುವ ಓವನ್ ಇದ್ದರೆ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಆದರೆ ಹೊತ್ತು ಹೋಗುವುದು ಮುಖ್ಯವಾಗಿ ಯಂತ್ರದಲ್ಲಲ್ಲ, ಅದಕ್ಕೂ ಮೊದಲು ಎಣ್ಣೆ ಬೇರ್ಪಡಿಸುವಲ್ಲಿ. ಲೀಟರುಗಟ್ಟಲೆ ನೀರಿನ ಬದಲು ಚಿಕ್ಕ ಮಾದರಿ, ಎಣ್ಣೆಯನ್ನು ಕರಗಿಸಿಕೊಳ್ಳುವ ಹೆಕ್ಸೇನ್ ದ್ರಾವಕ ಕೆಲವೇ ಮಿ.ಲೀ. ಬಳಸಿದರೆ ಅಲ್ಲಿಯೂ ಸಮಯ ಉಳಿಯುತ್ತದೆ.

ಕೆಲಸ ಕೆಡುವುದೂ ಅಲ್ಲೇ. ಮಣ್ಣಿನ ಮಾದರಿಯನ್ನೇ ನೋಡಿ. ಮಂಗಳೂರಿನ ಮಳೆಗಾಲದ ಮುರಕಲ್ಲು ಮಣ್ಣು ನೀರು ಹಿಡಿದು ಮುದ್ದೆಯಾಗಿರುತ್ತದೆ. ಹೆಕ್ಸೇನ್ ಒಳಗಿಳಿಯುವುದೇ ಇಲ್ಲ, ಟಿಪಿಎಚ್ ಕಡಿಮೆ ಬರುತ್ತದೆ. ನೀರಿಲ್ಲದ ಸೋಡಿಯಂ ಸಲ್ಫೇಟ್ ಬೆರೆಸಿ, ಒಣ ಮರಳಿನಂತೆ ಉದುರುವ ತನಕ ಕಲಸಬೇಕು. ಎಲೆಗೊಬ್ಬರ, ತೆಂಗಿನೆಣ್ಣೆಯ ಕೊಬ್ಬು ಕೂಡ ಹೆಕ್ಸೇನಿಗೆ ಬರುತ್ತದೆ. ಅದನ್ನು ಸಿಲಿಕಾ ಜೆಲ್ ಹಿಡಿದಿಡಬೇಕು, ಆದರೆ ನಮ್ಮ ಆಷಾಢದ ತೇವಕ್ಕೆ ಜೆಲ್ ತಾನೇ ನೀರು ಕುಡಿದು ಸೋತಿರುತ್ತದೆ. ಸುಮಾರು 130 ಡಿಗ್ರಿಯಲ್ಲಿ ರಾತ್ರಿಯಿಡೀ ಕಾಯಿಸಿ, ಡೆಸಿಕೇಟರಿನಲ್ಲಿ (ತೇವ ಒಳಹೋಗದ ಮುಚ್ಚಿದ ಪಾತ್ರೆ) ತಣಿಸಿದ್ದನ್ನೇ ಬಳಸಬೇಕು. ಇಲ್ಲವಾದರೆ ಅಡುಗೆಮನೆ ಜಿಡ್ಡು ಡೀಸೆಲ್ ಲೆಕ್ಕಕ್ಕೆ ಸೇರುತ್ತದೆ.

ನೀರಿಗೆ ಕಂದು ಗಾಜಿನ ಬಾಟಲಿಯೇ ಬೇಕು. ಮಿನರಲ್ ವಾಟರ್ ಬಾಟಲಿಯ ಪ್ಲಾಸ್ಟಿಕ್ ಎಣ್ಣೆಯನ್ನು ಹೀರುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿದರೆ ಬ್ಯಾಕ್ಟೀರಿಯಾ ಎಣ್ಣೆ ತಿನ್ನುವುದು ನಿಲ್ಲುತ್ತದೆ. ಎಣ್ಣೆ ಗಾಜಿಗೂ ಅಂಟುವುದರಿಂದ ಬಾಟಲಿಯಿಂದ ಅರ್ಧ ಬಗ್ಗಿಸಿ ಪರೀಕ್ಷಿಸುವಂತಿಲ್ಲ. ಇಡೀ ಮಾದರಿ ಬಳಸಿ, ಖಾಲಿ ಬಾಟಲಿಯನ್ನೂ ಹೆಕ್ಸೇನಿನಲ್ಲಿ ತೊಳೆದು ಅದಕ್ಕೇ ಸೇರಿಸಬೇಕು. ಹಾಗಾಗಿ ಚಿಕ್ಕ ಮಾದರಿ ಬೇಕಿದ್ದರೆ ಮೊದಲೇ ಚಿಕ್ಕ ಬಾಟಲಿಯಲ್ಲಿ ಹಿಡಿಯಬೇಕು.

ನೇರಳಾತೀತ ಬೆಳಕು ಬಿಟ್ಟು ಎಣ್ಣೆ ಹೊಳೆಯುವುದನ್ನು ಅಳೆದು ಸ್ಥಳದಲ್ಲೇ ಉತ್ತರ ಕೊಡುವ ಫ್ಲೂರೊಸೆನ್ಸ್ ಮೀಟರ್ ಇನ್ನೂ ಚುರುಕು, ಆದರೆ ಅದಕ್ಕೆ ಕಾಣುವುದು ಆರೊಮ್ಯಾಟಿಕ್ ಭಾಗ, ಅಂದರೆ ಬೆಂಜೀನಿನಂತೆ ಉಂಗುರದ ರಚನೆಯಿರುವ ಸಂಯುಕ್ತಗಳು ಮಾತ್ರ. ಹತ್ತು ಕಡೆಯ ಮಣ್ಣಿನಲ್ಲಿ ಯಾವುದನ್ನು ಲ್ಯಾಬಿಗೆ ಕಳಿಸಬೇಕೆಂದು ಆರಿಸಲು ಅಷ್ಟು ಸಾಕು.

ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದಿದ್ದರೆ ಪತ್ತೆಮಿತಿ, ಅಂದರೆ ಆ ವಿಧಾನ ಗುರುತಿಸಬಲ್ಲ ಅತಿ ಕಡಿಮೆ ಪ್ರಮಾಣ, ಎಷ್ಟೆಂದು ಕೇಳಿ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಖನಿಜ ತೈಲದ ಮಿತಿ ಲೀಟರಿಗೆ 0.5 ಮಿ.ಗ್ರಾಂ. ತ್ವರಿತ ವಿಧಾನದ ಪತ್ತೆಮಿತಿಯೇ 1 ಮಿ.ಗ್ರಾಂ ಇದ್ದರೆ, ಬಾವಿ ನೀರಿನ ಮಟ್ಟಿಗೆ ಆ ವರದಿ ಏನನ್ನೂ ಹೇಳಿದಂತಾಗುವುದಿಲ್ಲ.